ಕಾರ್ಯದರ್ಶಿಯಾಗಿ ಐದು ವರ್ಷ

2019ರ ಸರ್ವ ಸದಸ್ಯರ ಸಭೆಯಲ್ಲಿ ಮುಂದಿನ ಕಾರ್ಯದರ್ಶಿ ಯಾರಾಗಬೇಕೆಂಬ ಪ್ರಶ್ನೆ ಬಂದಾಗ, ಹಾಜರಿದ್ದ 23 ಮಂದಿಯೂ ತಮ್ಮ ತಮ್ಮ ಉಪ್ಪಿಟ್ಟಿನ ತಟ್ಟೆಯನ್ನೇ ನೋಡತೊಡಗಿದರು. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ನಮ್ಮ ಬಡಾವಣೆಯಲ್ಲಿ ಆಗ 140 ಮನೆಗಳಿದ್ದವು. ನಾನು ಅದೇ ವರ್ಷ ನೌಕರಿಯಿಂದ ನಿವೃತ್ತಳಾಗಿದ್ದೆ. "ಮೇಡಂ, ನಿಮಗೆ ಈಗ ಬಿಡುವಿದೆಯಲ್ಲ" ಎಂದು ಹಿರಿಯರೊಬ್ಬರು ಹೇಳಿದ್ದೇ ತಡ, ಚಪ್ಪಾಳೆ ಬಿತ್ತು. ನಮ್ಮ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಕ್ಕೆ ನಾನು ಆಯ್ಕೆಯಾದದ್ದು ಹೀಗೆ.

ಮೊದಲ ಎರಡು ವರ್ಷ ಎಲ್ಲವನ್ನೂ ನಾನೇ ಮಾಡಿದೆ. ಬೀದಿದೀಪ ಕೆಟ್ಟರೆ ದೂರು ಕೊಡುವುದು, ನೀರು ಬಿಡುವ ವಾಲ್ವ್‌ಮನ್‌ಗೆ ಫೋನು ಮಾಡುವುದು, ಕಸದ ಆಟೊ ಬಾರದಿದ್ದರೆ ಮೇಸ್ತ್ರಿಯನ್ನು ಹುಡುಕುವುದು, ಮನೆಮನೆಗೆ ಹೋಗಿ ಚಂದಾ ಎತ್ತುವುದು, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ಸಂಘವೆಂದರೆ ಮೇಡಂ ಎಂದು ಜನ ಹೇಳುತ್ತಿದ್ದರು, ಆ ಮಾತು ನನಗೆ ಹಿತವಾಗಿಯೇ ಇತ್ತೆಂದು ಒಪ್ಪಿಕೊಳ್ಳಬೇಕು.

2021ರಲ್ಲಿ ಖಜಾಂಚಿ ಊರು ಬಿಟ್ಟು ಮಗನ ಮನೆಗೆ ಹೋದರು. ಬ್ಯಾಂಕಿನ ಖಾತೆಯಲ್ಲಿ ಅವರ ಸಹಿಯ ಬದಲು ಹೊಸಬರ ಸಹಿ ಸೇರಿಸಲು ಹೋದಾಗ, ನೋಂದಣಾಧಿಕಾರಿಗಳ ಕಚೇರಿಯಲ್ಲಿ ದೃಢೀಕರಿಸಿದ ಪದಾಧಿಕಾರಿಗಳ ಪಟ್ಟಿ ತನ್ನಿ ಎಂದರು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಪ್ರತಿ ವರ್ಷ ಸರ್ವ ಸದಸ್ಯರ ಸಭೆ ನಡೆಸಿ, ಅದಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಅಲ್ಲಿಗೆ ಸಲ್ಲಿಸಬೇಕು. ನಾನು ಎರಡು ವರ್ಷವೂ ಸಲ್ಲಿಸಿರಲಿಲ್ಲ. 2020ರಲ್ಲಿ ಕೊರೊನಾದ ನೆಪವಾದರೂ ಇತ್ತು, ಅದರ ಹಿಂದಿನ ವರ್ಷಕ್ಕೆ ಆ ನೆಪವೂ ಇರಲಿಲ್ಲ. ಒಂದು ದೀಪಕ್ಕಾಗಿ ಹತ್ತು ಸಲ ಫೋನು ಮಾಡುತ್ತಿದ್ದ ನನಗೆ ವರ್ಷಕ್ಕೊಮ್ಮೆ ಮಾಡಬೇಕಾದ ಕಾಗದದ ಕೆಲಸ ನೆನಪಾಗಿರಲಿಲ್ಲ. ಲೆಕ್ಕಪರಿಶೋಧಕರನ್ನು ಹಿಡಿದು, ದಂಡ ಕಟ್ಟಿ, ಎಲ್ಲವನ್ನೂ ಸರಿಪಡಿಸುವವರೆಗೆ ಖಾತೆಯಿಂದ ಹಣ ತೆಗೆಯಲಾಗದೆ, ಮೂರು ತಿಂಗಳು ಕಾವಲುಗಾರನ ಸಂಬಳವನ್ನು ನನ್ನ ಪಿಂಚಣಿಯಿಂದ ಕೊಟ್ಟೆ.

ಆ ಮೂರು ತಿಂಗಳಲ್ಲಿ ನನ್ನ ರೀತಿ ಬದಲಾಯಿತು. ಅಲ್ಲಿಯವರೆಗೆ ವಾಟ್ಸ್‌ಆಪ್ ಗುಂಪಿನಲ್ಲಿ "ಆಸಕ್ತರು ಮುಂದೆ ಬನ್ನಿ" ಎಂದು ಬರೆಯುತ್ತಿದ್ದೆ. ಕೈಮುಗಿದ ಚಿತ್ರಗಳು ಸಾಲಾಗಿ ಬರುತ್ತಿದ್ದವು, ಮನುಷ್ಯರು ಬರುತ್ತಿರಲಿಲ್ಲ. ಬಳಿಕ ಒಬ್ಬೊಬ್ಬರ ಮನೆಗೂ ಹೋಗಿ, ಇಂಥ ಕೆಲಸ, ಇಷ್ಟು ಹೊತ್ತು, ಇಂಥ ತಿಂಗಳವರೆಗೆ ಎಂದು ಕೇಳತೊಡಗಿದೆ. "ನಿಮ್ಮ ಅಡ್ಡರಸ್ತೆಯ 20 ಮನೆಗಳ ಚಂದಾ, ತಿಂಗಳ ಮೊದಲ ಭಾನುವಾರ ಒಂದು ಗಂಟೆ, ಯುಗಾದಿಯವರೆಗೆ ಮಾತ್ರ" ಎಂದರೆ ಇಲ್ಲವೆನ್ನುವವರು ಕಡಿಮೆ. ಸಂಘದ ಕೆಲಸಕ್ಕೆ ಕೊನೆಯೇ ಇಲ್ಲವೆಂಬ ಭಯದಿಂದಲೇ ಜನ ದೂರ ನಿಲ್ಲುತ್ತಾರೆಂಬುದು ನನಗೆ ಆಗ ಅರ್ಥವಾಯಿತು. ಏಳು ಅಡ್ಡರಸ್ತೆಗಳಲ್ಲಿ ಐದಕ್ಕೆ ಪ್ರತಿನಿಧಿಗಳು ಸಿಕ್ಕರು. ಉಳಿದೆರಡನ್ನು ಕೊನೆಯವರೆಗೂ ನಾನೇ ನೋಡಿಕೊಂಡೆ.

ಜೊತೆಗೆ, ತಿಂಗಳ ಜಮಾ-ಖರ್ಚನ್ನು ಕೈಯಲ್ಲೇ ಬರೆದು ಉದ್ಯಾನದ ಗೇಟಿನ ಫಲಕಕ್ಕೆ ಅಂಟಿಸತೊಡಗಿದೆ. ಮೊದಲ ತಿಂಗಳೇ ಒಬ್ಬರು ಉದ್ಯಾನದ ಬೀಗಕ್ಕೆ 340 ರೂಪಾಯಿ ಏಕೆ ಎಂದು ಎಲ್ಲರೆದುರು ಕೇಳಿದರು. ಸಿಟ್ಟು ಬಂತು, ಆದರೂ ರಸೀದಿ ತೆಗೆದು ನೋಡಿದರೆ ಅದರಲ್ಲಿದ್ದದ್ದು 240. ಹೆಚ್ಚು ಬರೆದಿದ್ದ ನೂರು ರೂಪಾಯಿಯನ್ನು ಮರುದಿನ ಅದೇ ಹಾಳೆಯಲ್ಲಿ ಕೆಂಪು ಶಾಯಿಯಿಂದ ತಿದ್ದಿದೆ.

2024ರ ಬೇಸಿಗೆ ಇದೆಲ್ಲವನ್ನೂ ಪರೀಕ್ಷೆಗೆ ಹಚ್ಚಿತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಫೆಬ್ರುವರಿಯಲ್ಲೇ ನಮ್ಮ ಎರಡು ಕೊಳವೆಬಾವಿಗಳಲ್ಲಿ ಒಂದು ಬತ್ತಿತು. ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಗಿಡಗಳಿಗೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಪ್ರಕಟಿಸಿತು. ಜಿಲ್ಲಾಡಳಿತವು ಟ್ಯಾಂಕರುಗಳಿಗೆ ದರ ಗೊತ್ತುಪಡಿಸಿ, ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ನಿಗದಿ ಮಾಡಿತು. ಆದರೆ ಒಂದೊಂದು ಮನೆಯವರು ಬೇರೆಬೇರೆಯಾಗಿ ಕರೆದರೆ ಆ ದರಕ್ಕೆ ಯಾವ ಟ್ಯಾಂಕರೂ ಬರುತ್ತಿರಲಿಲ್ಲ, ಹೆಚ್ಚು ಕೊಟ್ಟವರ ಮನೆಗೆ ಹೋಗುತ್ತಿತ್ತು. ಪ್ರತಿನಿಧಿಗಳನ್ನು ಕೂಡಿಸಿ, ಇಡೀ ಬಡಾವಣೆಯ ಬೇಡಿಕೆಯನ್ನು ಒಟ್ಟುಮಾಡಿ, ದಿನಕ್ಕೆ ಇಷ್ಟು ಲೋಡ್ ಖಚಿತವೆಂದು ಇಬ್ಬರು ಟ್ಯಾಂಕರಿನವರೊಂದಿಗೆ ಮಾತನಾಡಿದೆವು. 6,000 ಲೀಟರಿನ ಒಂದು ಲೋಡಿಗೆ ಮೂರು ಮನೆ, ಪ್ರತಿ ಮನೆಯ ಸಂಪಿಗೆ (ನೆಲದಡಿಯ ನೀರಿನ ತೊಟ್ಟಿಗೆ) 2,000 ಲೀಟರ್, ತಲಾ 200 ರೂಪಾಯಿ. ಪೈಪು ಮನೆಯಿಂದ ಮನೆಗೆ ಹೋಗುವಾಗ ಅಡ್ಡರಸ್ತೆಯ ಪ್ರತಿನಿಧಿ ಕೋಲು ಇಳಿಸಿ ಸಂಪಿನ ಮಟ್ಟ ಅಳೆದು, ಚಾಕ್‌ಪೀಸಿನಲ್ಲಿ ಗೋಡೆಯ ಮೇಲೆ ಗುರುತು ಹಾಕುತ್ತಿದ್ದರು. ಆ ಗೆರೆಗಳ ಬಗ್ಗೆ ಜಗಳ ಆಗದೆ ಇರಲಿಲ್ಲ. ಒಮ್ಮೆ ನಾಲ್ಕನೇ ಅಡ್ಡರಸ್ತೆಯಲ್ಲಿ ಇಬ್ಬರು ಯಜಮಾನರು ರಾತ್ರಿ ಹನ್ನೊಂದರಲ್ಲಿ ಟಾರ್ಚ್ ಹಿಡಿದು ಪರಸ್ಪರರ ಸಂಪು ಇಣುಕುತ್ತಿದ್ದರು. ನನ್ನನ್ನು ಕರೆದರು, ನಾನು ಹೋಗಲಿಲ್ಲ. ಅಲ್ಲಿನ ಪ್ರತಿನಿಧಿ, ಕಾಲೇಜಿಗೆ ಹೋಗುವ ಹುಡುಗಿ, ಕೋಲು ತಂದು ಇಬ್ಬರ ಎದುರಿಗೇ ಅಳೆದು ಮುಗಿಸಿದಳಂತೆ.

ಆ ವರ್ಷದ ಸೆಪ್ಟೆಂಬರ್ ಸಭೆಗೆ 61 ಮನೆಯವರು ಬಂದರು. ನಾನು ಹುದ್ದೆ ಬಿಡುವುದಾಗಿ ಮೂರು ತಿಂಗಳು ಮೊದಲೇ ತಿಳಿಸಿದ್ದೆ. ಹೊಸ ಕಾರ್ಯದರ್ಶಿಗೆ ನಡಾವಳಿ ಪುಸ್ತಕ, ರಸೀದಿ ಕಟ್ಟುಗಳು, ನೋಂದಣಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕಾದ ದಿನಾಂಕಗಳ ಪಟ್ಟಿ, ಬೀಗದ ಕೈಗಳು, ಇಷ್ಟನ್ನೂ ಒಪ್ಪಿಸಿದ ಮೇಲೆ, ನೀರಿನ ವಾಲ್ವ್‌ಗಳು ಎಲ್ಲೆಲ್ಲಿವೆ ಎಂಬುದು ವಾಲ್ವ್‌ಮನ್‌ನ ಮತ್ತು ನನ್ನ ತಲೆಯಲ್ಲಷ್ಟೇ ಇದೆಯೆಂದು ನೆನಪಾಯಿತು. ಇಬ್ಬರೂ ಒಂದು ಬೆಳಿಗ್ಗೆ ಹಳದಿ ಬಣ್ಣದ ಡಬ್ಬಿ ಹಿಡಿದು ಬಡಾವಣೆ ಸುತ್ತಿ, ಕಾಂಪೌಂಡುಗಳ ಮೇಲೆ ಬಾಣದ ಗುರುತು ಬರೆದೆವು. ಒಂಬತ್ತರಲ್ಲಿ ಎಂಟು ಸಿಕ್ಕವು. ಒಂಬತ್ತನೆಯದು ಹಿಂದಿನ ವರ್ಷ ಹಾಕಿದ ಡಾಂಬರಿನಡಿ ಹೂತುಹೋಗಿದೆ, ಅದನ್ನು ಅಗೆಯಲು ಅನುಮತಿ ಕೇಳಿ ಹೊಸ ಕಾರ್ಯದರ್ಶಿ ಅರ್ಜಿ ಬರೆದಿದ್ದಾರೆ.