ಮೆಕೆಂಜಿ ನದಿಯನ್ನು ನಕ್ಷೆಯಲ್ಲಿ ಓದುವ ಕ್ರಮ

ಉತ್ತರ ಕೆನಡಾದ ಮೆಕೆಂಜಿ ನದಿಯ ಉದ್ದವನ್ನು ಕೆಲವು ಪುಸ್ತಕಗಳು 1,738 ಕಿ.ಮೀ. ಎಂದೂ ಕೆಲವು 4,241 ಕಿ.ಮೀ. ಎಂದೂ ಕೊಡುತ್ತವೆ, ಎರಡೂ ಸರಿಯೇ. ಗ್ರೇಟ್ ಸ್ಲೇವ್ ಸರೋವರದಿಂದ ಹೊರಬಿದ್ದ ನೀರಿಗಷ್ಟೇ ಮೆಕೆಂಜಿ ಎಂಬ ಹೆಸರು. ಆ ಸರೋವರಕ್ಕೆ ನೀರು ತರುವ ಸ್ಲೇವ್, ಅದರ ಹಿಂದಿನ ಪೀಸ್, ಅದಕ್ಕೂ ಹಿಂದಿನ ಫಿನ್ಲೇ ನದಿಗಳನ್ನು ಸೇರಿಸಿಕೊಂಡರೆ ಎರಡನೆಯ ಅಂಕಿ ಸಿಗುತ್ತದೆ. ಆದ್ದರಿಂದ ಎಲ್ಲಿಂದ ಆರಂಭಿಸುತ್ತೀರಿ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಹೊಸಬರು ಸರೋವರದ ಪಶ್ಚಿಮ ತುದಿಯಿಂದ ಹೊರಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ನೀರು ಹರಿಯುವ ದಿಕ್ಕಿಗೆ, ಅಂದರೆ ವಾಯವ್ಯಕ್ಕೆ, ಮುಖಮಾಡಿ ನಿಂತಂತೆ ಭಾವಿಸಿ. ಎಡದಿಂದ ಬರುವ ದೊಡ್ಡ ಉಪನದಿಗಳು ಪರ್ವತಗಳಲ್ಲಿ ಹುಟ್ಟಿ ಕೆಸರನ್ನು ಹೊತ್ತು ತರುತ್ತವೆ. ಬಲದಿಂದ ಬರುವ ಗ್ರೇಟ್ ಬೇರ್ ನದಿಯು ಅದೇ ಹೆಸರಿನ ಸರೋವರದಲ್ಲಿ ತಿಳಿಯಾದ ನೀರನ್ನು ತರುತ್ತದೆ. ಈ ಭೇದವೊಂದು ಮನಸ್ಸಿನಲ್ಲಿ ನಿಂತರೆ ಉಳಿದ ಹೆಸರುಗಳು ತಾವಾಗಿಯೇ ಜಾಗ ಹಿಡಿಯುತ್ತವೆ.

ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳ ಫೋರ್ಟ್ ಸಿಂಪ್ಸನ್. ಯೂಕಾನ್ ಪ್ರದೇಶದ ಬೆಟ್ಟಗಳಲ್ಲಿ ಹುಟ್ಟುವ ಲಿಯಾರ್ಡ್ ಇಲ್ಲಿ ಎಡದಿಂದ ಸೇರುತ್ತದೆ. ಆದರೆ ಅದರ ಕಂದು ನೀರು ಮತ್ತು ಸರೋವರದಲ್ಲಿ ಕೆಸರನ್ನು ಕಳೆದುಕೊಂಡು ಬಂದ ಮೆಕೆಂಜಿಯ ನೀರು ಒಡನೆ ಬೆರೆಯದೆ ಬಹುದೂರ ಅಕ್ಕಪಕ್ಕದಲ್ಲಿಯೇ ಸಾಗುತ್ತವೆ. ವಸಂತದಲ್ಲಿ ದಕ್ಷಿಣದ ಹಿಮ ಮೊದಲು ಕರಗುವುದರಿಂದ, ಲಿಯಾರ್ಡಿನ ಪ್ರವಾಹವು ಇನ್ನೂ ಗಟ್ಟಿಯಾಗಿರುವ ಮೆಕೆಂಜಿಯ ಮಂಜುಗಡ್ಡೆಯನ್ನು ಒಡೆದು ತಳ್ಳುತ್ತದೆ. ಆ ಗಡ್ಡೆಗಳು ಒಂದೆಡೆ ಸಿಕ್ಕಿಕೊಂಡಾಗ ನೀರು ಹಿಂದಕ್ಕೆ ಉಕ್ಕುತ್ತದೆ. 2021ರ ಮೇ ತಿಂಗಳಲ್ಲಿ ಈ ಊರು ಮುಳುಗಿದ್ದು ಹಾಗೆಯೇ.

ಸ್ಥಳೀಯ ಹೆಸರುಗಳನ್ನು ನಕ್ಷೆಯ ಅಂಚಿನಲ್ಲಿ ಬರೆದುಕೊಳ್ಳಿ, ಏಕೆಂದರೆ ಈ ನದಿಯನ್ನು ಡೆಹ್‌ಚೋ, ಅಂದರೆ ದೊಡ್ಡ ನದಿ, ಎಂದು ಕರೆಯುವ ಡೆನೆ ಜನರ ಊರಿನ ಹೆಸರುಗಳೇ ಭೂಗೋಳವನ್ನು ಹೇಳುತ್ತವೆ. ಗ್ರೇಟ್ ಬೇರ್ ಕೂಡುವ ತುಲಿಟಾ ಎಂಬುದರ ಅರ್ಥ ನೀರುಗಳು ಸೇರುವ ಜಾಗ ಎಂದೇ.

ಮುಂದೆ ಆರ್ಕ್ಟಿಕ್ ರೆಡ್, ಬಳಿಕ ಪೀಲ್, ಎರಡೂ ಎಡದಿಂದಲೇ ಬರುತ್ತವೆ. ಅಲ್ಲಿಂದಾಚೆ ಬ್ಯೂಫೋರ್ಟ್ ಸಮುದ್ರದವರೆಗೂ ನದೀಮುಖಜ ಭೂಮಿ ಹರಡಿಕೊಂಡಿರುವುದರಿಂದ ಒಂದೇ ಹರಿವನ್ನು ಹುಡುಕಬೇಡಿ. ಇನುವಿಕ್ ಪಟ್ಟಣವೂ ಪೂರ್ವದ ಒಂದು ಕವಲಿನ ದಡದಲ್ಲಿದೆ. ಉಪಗ್ರಹ ಚಿತ್ರ ಬಳಸುವುದಾದರೆ ಜುಲೈ ಅಥವಾ ಆಗಸ್ಟ್ ತಿಂಗಳಿನದನ್ನೇ ಆರಿಸಿ, ಫೋರ್ಟ್ ಸಿಂಪ್ಸನ್ನಿನ ಕೆಳಗೆ ಎಡದಂಡೆಗೆ ಅಂಟಿದ ಕಂದು ಪಟ್ಟಿಯಿಂದ ನೋಡಲು ತೊಡಗಿ.