ನಾಯಿಗೆ ಔಷಧಿ ಶಾಂಪೂ: ನೊರೆ ಹತ್ತು ನಿಮಿಷ ಮೈಮೇಲಿರಲಿ

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಕಡೆ ಸಾಕುನಾಯಿಯ ಮೈ ಪೂರ್ತಿ ಒಣಗುವುದೇ ಕಷ್ಟ. ಬೆರಳ ಸಂದು, ಕಂಕುಳು, ತೊಡೆಸಂದು, ಪಗ್‌ನಂತಹ ತಳಿಗಳ ಮುಖದ ಮಡಿಕೆ ಮುಂತಾದ ತೇವ ಉಳಿಯುವ ಜಾಗಗಳಲ್ಲಿ, ಚರ್ಮದ ಮೇಲೆ ಸಹಜವಾಗಿಯೇ ಇರುವ ಮಲಸೀಜಿಯಾ ಎಂಬ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಹಾಗೂ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದು ಕಮಟು ವಾಸನೆ, ಜಿಡ್ಡು ಮತ್ತು ಬಿಡದ ತುರಿಕೆಯನ್ನು ಉಂಟುಮಾಡುತ್ತವೆ. ಇದಕ್ಕೆ ಪಶುವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಜೊತೆಗೆ, ಯೀಸ್ಟ್ ತಡೆಯುವ ಮೈಕೊನಜೋಲ್ ಅಥವಾ ಕೀಟೊಕೊನಜೋಲ್ ಇರುವ ಶಾಂಪೂವನ್ನು.

ಆದರೆ ಬಾಟಲಿ ಕೊಳ್ಳುವ ಮೊದಲು ಕಾಯಿಲೆ ಯಾವುದೆಂದು ಗೊತ್ತಾಗಬೇಕು. ವೈದ್ಯರು ಚರ್ಮಕ್ಕೆ ಅಂಟುಪಟ್ಟಿ ಒತ್ತಿ ತೆಗೆದೋ, ಚರ್ಮವನ್ನು ತುಸು ಕೆರೆದೋ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟ್, ಬ್ಯಾಕ್ಟೀರಿಯಾ, ಕಜ್ಜಿಯ ನುಸಿ ಇವುಗಳಲ್ಲಿ ಯಾವುದು ಕಾರಣವೆಂದು ಹೆಚ್ಚಿನ ಸಂದರ್ಭಗಳಲ್ಲಿ ತಿಳಿಯುತ್ತದೆ. ನುಸಿಯಿಂದ ಬಂದ ಕಜ್ಜಿಗೆ ಈ ಶಾಂಪೂ ಒಂದೇ ಸಾಲದು, ಮಾತ್ರೆ ಅಥವಾ ಬೇರೆ ಔಷಧಿಯೂ ಬೇಕು. ಹುಳುಕಡ್ಡಿಯಾಗಿದ್ದರೆ ಅದು ಮನೆಯವರಿಗೂ ಹರಡುವುದರಿಂದ, ಸ್ನಾನ ಮಾಡಿಸುವವರು ಕೈಗವಸು ಹಾಕಿಕೊಳ್ಳಬೇಕು. ಕಜ್ಜಿಗೆ ಹಳೆಯ ಎಂಜಿನ್ ಆಯಿಲ್, ಸೀಮೆಎಣ್ಣೆ, ಫಿನೈಲ್ ಹಚ್ಚುವ ರೂಢಿ ಇನ್ನೂ ಕೆಲವೆಡೆ ಇದೆ. ಇವು ಚರ್ಮವನ್ನು ಸುಡುತ್ತವೆ, ನಾಯಿ ನೆಕ್ಕಿದರೆ ವಿಷವಾಗುತ್ತವೆ. ಮನುಷ್ಯರ ಶಾಂಪೂ ಕೂಡ ಬೇಡ, ಏಕೆಂದರೆ ನಾಯಿಯ ಚರ್ಮದ ಆಮ್ಲೀಯತೆ ನಮ್ಮದಕ್ಕಿಂತ ಕಡಿಮೆ.

ಸ್ನಾನದ ದಿನ ಮೊದಲು ಕೂದಲು ಬಾಚಿ, ಗಂಟುಗಳನ್ನು ಬಿಡಿಸಿ. ರೋಮ ಉದ್ದವಾಗಿದ್ದರೆ ಕತ್ತರಿಸುವುದೇ ಒಳ್ಳೆಯದು, ಔಷಧಿ ತಲುಪಬೇಕಾದದ್ದು ರೋಮಕ್ಕಲ್ಲ, ಚರ್ಮಕ್ಕೆ. ಮೈ ತುಂಬ ಕೊಳೆಯಾಗಿದ್ದರೆ ನಾಯಿಗಳ ಸಾದಾ ಶಾಂಪೂವಿನಿಂದ ಒಮ್ಮೆ ತೊಳೆದುಕೊಳ್ಳಿ. ನೀರು ತಣ್ಣಗಿರಲಿ ಅಥವಾ ಉಗುರುಬೆಚ್ಚಗಿರಲಿ. ಬಿಸಿನೀರು ತುರಿಕೆಯನ್ನು ಹೆಚ್ಚಿಸುತ್ತದೆ.

ಇನ್ನು ಮುಖ್ಯವಾದ ಹಂತ. ಮೈಯನ್ನು ಚರ್ಮದವರೆಗೂ ನೆನೆಸಿ, ಹೆಚ್ಚು ತೊಂದರೆ ಇರುವ ಜಾಗದಿಂದಲೇ ಶಾಂಪೂ ಹಚ್ಚಲು ಆರಂಭಿಸಿ, ಬೆರಳ ತುದಿಯಿಂದ ನಯವಾಗಿ ತಿಕ್ಕಿ. ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ: ಕ್ಲೋರ್‌ಹೆಕ್ಸಿಡಿನ್ ಕಣ್ಣಿನ ಪಾರದರ್ಶಕ ಪಟಲಕ್ಕೆ ಹಾನಿ ಮಾಡಬಲ್ಲದು. ಮೈಯೆಲ್ಲ ನೊರೆ ಬಂದ ಮೇಲೆ ಗಡಿಯಾರ ನೋಡಿ, ಹತ್ತು ನಿಮಿಷ ಹಾಗೆಯೇ ಬಿಡಿ. ಬಾಟಲಿಯ ಚೀಟಿಯಲ್ಲಿ ಬೇರೆ ಅವಧಿ ಬರೆದಿದ್ದರೆ ಅದನ್ನು ಪಾಲಿಸಿ. ಶಾಂಪೂ ಕೆಲಸ ಮಾಡಲಿಲ್ಲ ಎಂದು ದೂರುವವರಲ್ಲಿ ಬಹುಪಾಲು ಜನ ಎರಡೇ ನಿಮಿಷಕ್ಕೆ ನೀರು ಹಾಕಿಬಿಟ್ಟಿರುತ್ತಾರೆ ಎಂಬುದು ನನ್ನ ಅನುಮಾನ. ಆ ಹತ್ತು ನಿಮಿಷ ನಾಯಿಯನ್ನು ನಿಲ್ಲಿಸಿಕೊಳ್ಳುವುದು ಸುಲಭವಲ್ಲ, ನಿಜ; ಒಬ್ಬರು ಹಿಡಿದು ಮಾತಾಡಿಸುತ್ತ, ಆಗಾಗ ತಿಂಡಿ ಕೊಡುತ್ತ, ನೊರೆ ನೆಕ್ಕದಂತೆ ಕಾಯಬೇಕು.

ಆಮೇಲೆ ಶಾಂಪೂವಿನ ಜಾರು ಕೈಗೆ ಸಿಗದವರೆಗೂ ತೊಳೆಯಿರಿ. ಉಳಿದುಹೋದ ಶಾಂಪೂ ತಾನೇ ಹೊಸ ತುರಿಕೆಗೆ ಕಾರಣವಾಗುತ್ತದೆ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಬೆರಳ ಸಂದುಗಳನ್ನು ಮರೆಯದೆ ಒಣಗಿಸಿ.

ಆರಂಭದಲ್ಲಿ ವಾರಕ್ಕೆ ಎರಡು ಅಥವಾ ಮೂರು ಸಲ, ಗುಣ ಕಂಡ ಮೇಲೆ ವಾರಕ್ಕೊಮ್ಮೆ ಎನ್ನುವುದು ವಾಡಿಕೆ. ಮೂರ್ನಾಲ್ಕು ವಾರವಾದರೂ ಮುಂದುವರಿಸಬೇಕಾಗುತ್ತದೆ. ಚಿಗಟ, ಉಣ್ಣೆಗಳಿಗೆಂದು ಬೆನ್ನ ಮೇಲೆ ಹಾಕುವ ಹನಿಗಳನ್ನು ಬಳಸುತ್ತಿದ್ದರೆ ಹನಿ ಹಾಕುವ ಮೊದಲಿನ ಎರಡು ದಿನ ಮತ್ತು ನಂತರದ ಎರಡು ದಿನ ಸ್ನಾನ ಬೇಡ. ಅಲರ್ಜಿ ಮೂಲ ಕಾರಣವಾಗಿದ್ದರೆ, ಅದಕ್ಕೆ ಚಿಕಿತ್ಸೆಯಾಗದೆ ಸೋಂಕು ಮತ್ತೆ ಮತ್ತೆ ಬರುತ್ತದೆ.

ನಾಯಿಯ ಶಾಂಪೂವನ್ನು ಬೆಕ್ಕಿಗೆ ಹಾಕಬೇಡಿ. ಕೆಲವು ಶಾಂಪೂಗಳಲ್ಲಿರುವ ಕೋಲ್ ಟಾರ್ (ಕಲ್ಲಿದ್ದಲಿನ ಡಾಂಬರು) ಬೆಕ್ಕಿಗೆ ಅಪಾಯಕಾರಿ, ಉಣ್ಣೆಗಳನ್ನು ಕೊಲ್ಲುವ ಶಾಂಪೂಗಳಲ್ಲಿರುವ ಪರ್ಮೆಥ್ರಿನ್ ಎಂಬ ಕೀಟನಾಶಕ ಅದರ ಪ್ರಾಣವನ್ನೇ ತೆಗೆಯಬಲ್ಲದು. ನಾಯಿಗೇ ಆದರೂ, ಸ್ನಾನದ ನಂತರ ಚರ್ಮ ಇನ್ನಷ್ಟು ಕೆಂಪಾದರೆ ಅಥವಾ ಕೀವು ಕಂಡರೆ ಬಳಕೆ ನಿಲ್ಲಿಸಿ, ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ವೈದ್ಯರ ಬಳಿ ಹೋಗಿ.