ಫಲಕವನ್ನು ಕೊನೆಗೆ ಓದಿ: ಇಂಗ್ಲೆಂಡಿನ ಚರ್ಚ್ ಆರ್ಗನ್ನಿನ ವಯಸ್ಸು ಪತ್ತೆ ಮಾಡುವುದು ಹೇಗೆ

ಇಂಗ್ಲೆಂಡಿನಲ್ಲಿ ಯಾವ ಪ್ಯಾರಿಷ್ ಚರ್ಚಿಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಪೈಪ್ ಆರ್ಗನ್ನನ್ನು, ಅಂದರೆ ಪೈಪುಗಳಿಗೆ ಗಾಳಿ ಬಿಟ್ಟು ನುಡಿಸುವ ಕೀಲಿಮಣೆ ವಾದ್ಯವನ್ನು. ಕೀಲಿಮಣೆಯ ಮೇಲ್ಗಡೆ ಸಾಮಾನ್ಯವಾಗಿ ತಯಾರಕರ ಹೆಸರಿನ ಫಲಕ ಇರುತ್ತದೆ. ಬಂದವರು ಅದನ್ನು ಓದಿ, ‘ಓ, ಇವರು ಕಟ್ಟಿದ್ದಾ’ ಅಂತ ಹೊರಟುಬಿಡುತ್ತಾರೆ. ನೀವು ಅದನ್ನು ಕೊನೆಗೆ ಓದಿ. ರಿಪೇರಿ ಮಾಡಿದವರೂ ತಮ್ಮ ಫಲಕ ಹಾಕುವುದುಂಟು. ಒಂದೇ ಆರ್ಗನ್ನಿನಲ್ಲಿ ಎರಡು ಮೂರು ತಲೆಮಾರಿನ ಕೆಲಸ ಸೇರಿರುವುದು ತೀರಾ ಮಾಮೂಲು.

ಒಂಚೂರು ಹಿನ್ನೆಲೆ ಗೊತ್ತಿರಲಿ. 1644ರಲ್ಲಿ ಪಾರ್ಲಿಮೆಂಟು ಚರ್ಚುಗಳಿಂದ ಆರ್ಗನ್ ಕಿತ್ತುಹಾಕಲು ಆದೇಶ ಹೊರಡಿಸಿತು. 1660ರಲ್ಲಿ ರಾಜ ಎರಡನೇ ಚಾರ್ಲ್ಸ್ ವಾಪಸ್ ಬಂದು ರಾಜರ ಆಳ್ವಿಕೆ ಮರಳಿದ ಮೇಲೆ ಮತ್ತೆ ಕಟ್ಟಲು ಶುರು ಮಾಡಿದರು, ಆದರೆ ಅದು ಹೆಚ್ಚಾಗಿ ಕೆಥೀಡ್ರಲ್‌ಗಳಿಗೆ, ದುಡ್ಡಿರುವ ಪಟ್ಟಣದ ಚರ್ಚುಗಳಿಗೆ. ಹಳ್ಳಿಗಳಲ್ಲಿ ಊರಿನವರೇ ಪಿಟೀಲು, ಬಸೂನ್ ಎಂಬ ಊದುವ ವಾದ್ಯ ಹಿಡಿದು ಚರ್ಚಿನ ಪಶ್ಚಿಮ ತುದಿಯ ಅಟ್ಟದಲ್ಲಿ ನುಡಿಸುತ್ತಿದ್ದರು. ಬಹಳ ಕಡೆ ಆರ್ಗನ್ ಬಂದದ್ದು 19ನೇ ಶತಮಾನದಲ್ಲೇ. ಆದ್ದರಿಂದ ಹಳ್ಳಿ ಚರ್ಚಿನಲ್ಲಿ ಯಾರಾದರೂ ‘ನಮ್ಮದು 400 ವರ್ಷದ ಆರ್ಗನ್’ ಅಂದರೆ ತಲೆ ಆಡಿಸಿ, ನಂಬಬೇಡಿ.

ಈಗ ಅದು ಎಲ್ಲಿ ಕೂತಿದೆ ನೋಡಿ. ಬಲಿಪೀಠದ ಪಕ್ಕದ ಇಕ್ಕಟ್ಟಾದ ಕೋಣೆಯಲ್ಲಿದ್ದರೆ ಅದು ವಿಕ್ಟೋರಿಯಾ ಕಾಲದ ಏರ್ಪಾಡು. ಆಗ ಗಾಯಕರನ್ನು ಅಟ್ಟದಿಂದ ಇಳಿಸಿ ಮುಂದೆ ತಂದರು, ಆರ್ಗನ್ನೂ ಅವರ ಹಿಂದೆ ಬಂತು. ಅದರ ಅರ್ಧ ದನಿಯನ್ನು ಕಲ್ಲುಗೋಡೆಯೇ ನುಂಗಿಹಾಕುತ್ತದೆ. ನನ್ನ ಪ್ರಕಾರ ಅದು ಕೆಟ್ಟ ನಿರ್ಧಾರ. ಮುಂಭಾಗದ ಪೈಪುಗಳ ಅಂದಕ್ಕೂ ಮರುಳಾಗಬೇಡಿ. ಅವುಗಳಲ್ಲಿ ಕೆಲವು ಬರೀ ಶೋಕಿಗೆ ನಿಲ್ಲಿಸಿದವು, ಗಾಳಿಯೇ ಹೋಗದ ಮೂಕ ಪೈಪುಗಳು.

ನಿಜವಾದ ಸುಳಿವು ಸಿಗುವುದು ನುಡಿಸುವವರು ಕೂರುವ ಜಾಗದಲ್ಲಿ. ಆರ್ಗನಿಸ್ಟ್ ಅಥವಾ ಚರ್ಚ್‌ವಾರ್ಡನ್ (ಚರ್ಚಿನ ಆಡಳಿತ ನೋಡಿಕೊಳ್ಳುವವರು) ಅನುಮತಿ ಕೇಳಿ ಕೂತುಕೊಳ್ಳಿ. ಮೊದಲು ಕೀಲಿಗಳನ್ನು ಎಣಿಸಿ, ಕಪ್ಪು ಬಿಳುಪು ಎರಡೂ ಸೇರಿಸಿ. 54 ಇದ್ದರೆ ಮೇಲಿನ (ಬಲ) ತುದಿಯ ಸ್ವರ ಎಫ್, 56ಕ್ಕೆ ಜಿ, 58ಕ್ಕೆ ಎ, 61ಕ್ಕೆ ಸಿ. ಸುಮಾರಾಗಿ ಹೇಳುವುದಾದರೆ ಕಾಲ ಹೋದಂತೆ ಈ ಸಂಖ್ಯೆ ಏರಿದೆ. 61 ಇದ್ದರೆ 20ನೇ ಶತಮಾನದ ಕೈ ಆಡಿರುವ ಸಾಧ್ಯತೆ ಜಾಸ್ತಿ. ಎಡತುದಿ ಸಿ ಬದಲು ಅದಕ್ಕೂ ಕೆಳಗಿನ ಜಿಯಿಂದ ಶುರುವಾದರೆ ಕುಣಿದಾಡಿ! 19ನೇ ಶತಮಾನದ ನಡುಭಾಗಕ್ಕೂ ಮುಂಚಿನ ಇಂಗ್ಲಿಷ್ ಪದ್ಧತಿ ಅದು, ಈಗ ಅಪರೂಪ.

ಎರಡು ಕೀಲಿಮಣೆ ಇದ್ದರೆ ಸಾಮಾನ್ಯವಾಗಿ ಕೆಳಗಿನದು ಮುಖ್ಯವಾದ ಗ್ರೇಟ್, ಮೇಲಿನದು ಸ್ವೆಲ್. ಸ್ವೆಲ್‌ನ ಪೈಪುಗಳು ಒಂದು ಮರದ ಪೆಟ್ಟಿಗೆಯೊಳಗಿರುತ್ತವೆ. ಅದರ ಬಾಗಿಲುಗಳನ್ನು ಕಾಲಿನಿಂದ ತೆರೆದು ಮುಚ್ಚಿದರೆ ದನಿ ಏರಿ ಇಳಿಯುತ್ತದೆ. ಲಂಡನ್ ಬ್ರಿಡ್ಜ್ ಹತ್ತಿರದ ಸೇಂಟ್ ಮ್ಯಾಗ್ನಸ್ ಚರ್ಚಿನಲ್ಲಿ ಏಬ್ರಹಾಂ ಜೋರ್ಡನ್ 1712ರಲ್ಲಿ ಇದನ್ನು ತಂದ. ಈಗ ಕಾಲಬುಡ ನೋಡಿ. ಬಲಗಡೆ ಕೊನೆಯಲ್ಲಿ ಒಂದು ಮರದ ಅಥವಾ ಕಬ್ಬಿಣದ ಸನ್ನೆ ಚಾಚಿಕೊಂಡಿದೆಯಾ? ಒತ್ತಿದರೆ ಕಚ್ಚಿಗೆ ಸಿಕ್ಕಿ ನಿಲ್ಲುತ್ತದೆ, ಬಿಡಿಸಿದರೆ ಟಪ್ ಅಂತ ಮೇಲೇಳುತ್ತದೆ. ಅದು ಹಳೆಯ ಬಗೆ. ನಡುವೆ ಅಗಲವಾದ ಪೆಡಲ್ ಇದ್ದು, ಎಲ್ಲಿ ಬಿಟ್ಟರೆ ಅಲ್ಲೇ ನಿಂತರೆ ಅದು ಆಮೇಲಿನದು.

ಇನ್ನು ಸ್ಟಾಪ್‌ಗಳು. ಒಂದೊಂದು ಪೈಪು ಸಾಲಿನ ದನಿ ತೆರೆಯಲು, ಮುಚ್ಚಲು ಇರುವ ಗುಂಡಿಗಳಿವು. ಪ್ರತಿ ಗುಂಡಿಯ ಮೇಲೂ ಒಂದು ಹೆಸರು, ಒಂದು ಅಂಕಿ. 8 ಅಂದರೆ ಆ ಸಾಲಿನ ಅತಿ ಕೆಳಗಿನ ಸಿ ಪೈಪು ಸುಮಾರು 8 ಅಡಿ ಉದ್ದ. 4 ಅಂದರೆ ಅದಕ್ಕಿಂತ ಒಂದು ಆಕ್ಟೇವ್ (ಸ್ಥಾಯಿ) ಮೇಲೆ, 16 ಅಂದರೆ ಒಂದು ಆಕ್ಟೇವ್ ಕೆಳಗೆ. ತುದಿ ಮುಚ್ಚಿದ ಪೈಪಿಗೆ ಅರ್ಧ ಉದ್ದ ಸಾಕು, ಅದೇ ಸ್ವರ ಬರುತ್ತದೆ. ಜಾಗ ಇಲ್ಲದ ಚರ್ಚುಗಳಿಗೆ ಇದು ವರವೇ ಸರಿ. ಅಕ್ಷರದ ಕೆತ್ತನೆಯನ್ನು ಹತ್ತಿರದಿಂದ ನೋಡಿ. ಎಲ್ಲ ಗುಂಡಿಗಳಲ್ಲೂ ಹಳದಿಗಟ್ಟಿದ ದಂತದ ಮೇಲೆ ತೆಳು ಅಕ್ಷರ ಇದ್ದು, ಒಂದರಲ್ಲಿ ಮಾತ್ರ ಬೆಳ್ಳಗೆ, ದಪ್ಪ ಅಕ್ಷರ ಇದ್ದರೆ ಆ ಸಾಲನ್ನು ಬದಲಾಯಿಸಿರಬಹುದು. ವಿಕ್ಟೋರಿಯನ್ ಆರ್ಗನ್ನಿನಲ್ಲಿ ಲಾರಿಗೋ 1⅓ ಅನ್ನುವ ತೀಕ್ಷ್ಣ ಸ್ವರದ ಸ್ಟಾಪ್ ಕಂಡರೆ ಅದು ಬಹುಶಃ 1950ರ ನಂತರ ಸೇರಿದ್ದು. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನ ಹೊಸ ಆರ್ಗನ್ ಬಂದ ಮೇಲೆ ಇಂಥ ತೀಕ್ಷ್ಣ ಸ್ವರಗಳ ಗೀಳು ಹಬ್ಬಿತು. ಪಾಪ, ಡಲ್ಸಿಯಾನಾ ಅನ್ನುವ ಎಷ್ಟೋ ಮೃದು ದನಿಯ ಸ್ಟಾಪ್‌ಗಳು ಅದಕ್ಕೆ ಬಲಿಯಾದವು.

ಒಳಗೆ ಬಿಟ್ಟರೆ ಟಾರ್ಚ್ ಇರಲಿ, ಕೈ ಮಾತ್ರ ಜೇಬಿನಲ್ಲಿರಲಿ. ತವರ ಮತ್ತು ಸೀಸ ಬೆರೆಸಿದ ಪೈಪು ಮೆತ್ತಗಿರುತ್ತದೆ, ಸುಮ್ನೆ ಒರಗಿದರೂ ನಗ್ಗುತ್ತದೆ. ಮೈಯ ಬಿಸಿ ತಗುಲಿದರೆ ಶ್ರುತಿಯೂ ಕದಲುತ್ತದೆ. ದೊಡ್ಡ ಮರದ ಪೈಪುಗಳ ಮೇಲೆ ಶಾಯಿಯ ಬರಹ ಹುಡುಕಿ, ಸ್ವರದ ಹೆಸರಿನ ಜೊತೆ ಸ್ಟಾಪಿನ ಹಳೆಯ ಹೆಸರೂ ಸಿಗಬಹುದು. ಪಕ್ಕದಲ್ಲಿ ದಾರಕ್ಕೆ ತೂಗುಬಿಟ್ಟ ಸೀಸದ ತುಂಡು ಕಂಡರೆ ಅದು ತಿದಿಯ ಗಾಳಿಮಟ್ಟ ತೋರಿಸುವ ಗುರುತು. ಕರೆಂಟ್ ಬರುವ ಮುಂಚೆ ತಿದಿ ಒತ್ತುತ್ತಿದ್ದ ಹುಡುಗ ಅದನ್ನೇ ನೋಡುತ್ತಾ ಕೂರಬೇಕಿತ್ತು. ಬೇಜಾರಿಗೆ ಅವನು ಗೀಚಿದ ಹೆಸರು, ಇಸವಿ ಮರದ ಮೇಲೆ ಇದ್ದರೆ ಫೋಟೋ ತೆಗೆದುಕೊಳ್ಳಿ. ಆ ಇಸವಿಯ ಹೊತ್ತಿಗೆ ಆ ಮರ ಇತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಆಮೇಲೆ ಕಾಗದಪತ್ರ. ಹಳೆಯ ಚರ್ಚ್‌ವಾರ್ಡನ್ ಲೆಕ್ಕಪತ್ರಗಳು ಹೆಚ್ಚಾಗಿ ಕೌಂಟಿ ದಾಖಲೆ ಕಚೇರಿಯಲ್ಲಿರುತ್ತವೆ. ಲೆಕ್ಕ ಪೌಂಡ್, ಶಿಲ್ಲಿಂಗ್, ಪೆನ್ನಿಯಲ್ಲಿ ಇರುತ್ತದೆ: 12 ಪೆನ್ನಿಗೆ 1 ಶಿಲ್ಲಿಂಗ್, 20 ಶಿಲ್ಲಿಂಗಿಗೆ 1 ಪೌಂಡ್. ತಿದಿ ಒತ್ತುವವನಿಗೆ ಕೊಟ್ಟ ಕೂಲಿ ಯಾವ ವರ್ಷ ಶುರುವಾಯಿತು, ಯಾವ ವರ್ಷ ನಿಂತಿತು ನೋಡಿ. ಆರ್ಗನ್ ಬಂದದ್ದೂ ಮೋಟಾರು ಬಂದದ್ದೂ ಅಲ್ಲೇ ಗೊತ್ತಾಗಿಬಿಡುತ್ತದೆ. ದೊಡ್ಡ ಬದಲಾವಣೆಗೆ ಬಿಷಪ್ಪರ ಆಡಳಿತ ಪ್ರದೇಶವಾದ ಡಯಾಸಿಸ್‌ನಿಂದ ಫ್ಯಾಕಲ್ಟಿ ಅನ್ನುವ ಅನುಮತಿ ಬೇಕು. ಆ ಕಡತ ಸಿಕ್ಕರೆ ಏನು ತೆಗೆದರು, ಏನು ಸೇರಿಸಿದರು ಅನ್ನುವುದೂ ಗೊತ್ತಾಗಬಹುದು.

ಬ್ರಿಟನ್ನಿನ ಆರ್ಗನ್‌ಗಳ ಆನ್‌ಲೈನ್ ಪಟ್ಟಿಯಾದ ನ್ಯಾಷನಲ್ ಪೈಪ್ ಆರ್ಗನ್ ರಿಜಿಸ್ಟರ್‌ನಲ್ಲಿ ನಿಮ್ಮ ಚರ್ಚಿನ ನಮೂದನ್ನೂ ತೆಗೆದು ನೋಡಿ. ನೀವು ಎಣಿಸಿದ್ದಕ್ಕೂ ಅಲ್ಲಿರುವುದಕ್ಕೂ ವ್ಯತ್ಯಾಸ ಇದ್ದರೆ, ಸ್ಟಾಪ್‌ಗಳ ಫೋಟೋ ಮತ್ತು ನೀವು ನೋಡಿದ ದಿನಾಂಕದ ಜೊತೆ ಅವರಿಗೆ ಬರೆದು ಕಳಿಸಿ.